ಕತ್ತು, ತೋಳು, ಬೆನ್ನು, ಒಂದು ಕಡೆ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಒಂದು ಅಡ್ಡರಸ್ತೆ ಒಳಗೆ ಬಂದರೆ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಹೊಲಿಗೆ ಅಂಗಡಿ. ಅಲ್ಲಿ ಬ್ಲೌಸ್ ಬಿಟ್ಟರೆ ಬೇರೇನೂ ಹೊಲಿಯುವುದಿಲ್ಲ. ಚೂಡಿದಾರ್ ತಂದವರಿಗೆ ಎದುರಿನ ಅಂಗಡಿ ತೋರಿಸುತ್ತೇನೆ. ದಿಂಬಿನ ಕವರು, ಕಿಟಕಿ ಪರದೆ ಹಿಡಿದು ಬಂದವರನ್ನು ಮೆಟ್ಟಿಲಲ್ಲೇ ತಡೆದು ವಾಪಸ್ ಕಳಿಸುತ್ತೇನೆ. ನನಗೆ ಕೊಬ್ಬು ಅನ್ನುವವರಿದ್ದಾರೆ. ಅವರ ಬ್ಲೌಸನ್ನೂ ನಾನೇ ಹೊಲಿಯುವುದು.

ಮೊದಲೆಲ್ಲ ಡಿಸೈನ್ ತೋರಿಸಲು ಒಂದು ಕ್ಯಾಟಲಾಗ್ ಪುಸ್ತಕವಿತ್ತು. ಎಲ್ಲರ ಕೈ ತಾಗಿ ಅದರ ಹಾಳೆಗಳು ಮೆತ್ತಗಾಗಿ, ಅದರೊಳಗಿನ ಹೆಂಗಸರು ನಮಗೆಲ್ಲ ನೆಂಟರೇ ಆಗಿಹೋಗಿದ್ದರು. ಆಮೇಲೆ ಗಿರಾಕಿಗಳು ಫೋನಿನಲ್ಲಿ ಚಿತ್ರ ತರಲು ಶುರುಮಾಡಿದರು. ಅದೂ ಸರಿ. ಆದರೆ ಈಚೆಗೆ ಬರತೊಡಗಿದ ಚಿತ್ರಗಳೇ ಬೇರೆ. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ತೋರಿಸಿದ ಬ್ಲೌಸಿಗೆ ಮುಂದೆ ಹುಕ್ ಇರಲಿಲ್ಲ, ಹಿಂದೆ ಹುಕ್ ಇರಲಿಲ್ಲ, ಪಕ್ಕದಲ್ಲಿ ಜಿಪ್ ಕೂಡ ಇರಲಿಲ್ಲ. ಮೈಗೆ ಅಂಟಿಕೊಂಡು ಕತ್ತಿನವರೆಗೂ ಮುಚ್ಚಿತ್ತು.

“ಇದರೊಳಗೆ ಹೋಗೋದು ಹೇಗಮ್ಮ?” ಅಂದೆ.

“ಅದು ಎಐ ಬಿಡಿಸಿದ್ದು ಆಂಟಿ. ಒಳಗೆ ಹೋಗೋ ವಿಷಯ ನೀವ್ ನೋಡ್ಕೊಳ್ಳಿ,” ಅಂದಳು.

ನನಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಹಾಳುಮಾಡುವ ಅಭ್ಯಾಸ ನನಗಿಲ್ಲ. ಆ ಎಐಗೆ ಹೊಲಿಗೆ ಗೊತ್ತಿಲ್ಲದಿದ್ದರೆ ಗೊತ್ತಿದ್ದವರು ಹೇಳಿಕೊಡಬೇಕು ಅಂದುಕೊಂಡು ಒಂದು ಟ್ಯಾಬ್ಲೆಟ್ ಕೊಂಡೆ. ಬೇಕಾದ್ದನ್ನು ಬರೆದರೆ ಚಿತ್ರ ಬಿಡಿಸಿಕೊಡುವ ಆ್ಯಪ್ ಹಾಕಿಸಿದೆ. ಹಾಗೆ ಬರೆಯುವ ಮಾತಿಗೆ ಪ್ರಾಂಪ್ಟ್ ಅನ್ನುತ್ತಾರೆಂದು ಯೂಟ್ಯೂಬ್ ನೋಡಿ ಕಲಿತೆ. ಮೊದಲ ದಿನ ಪಾಟ್ ನೆಕ್ ಬ್ಲೌಸ್ ಬೇಕು ಅಂತ ಬರೆದರೆ ಕುತ್ತಿಗೆಗೆ ಮಡಿಕೆ ಕಟ್ಟಿಕೊಂಡ ಹೆಂಗಸು ಬಂದಳು. ಐವತ್ತು ದಾಟಿದವರನ್ನು ತೋರಿಸು ಅಂದರೆ ಇಪ್ಪತ್ತರ ಹುಡುಗಿಗೆ ನರೆಗೂದಲು ಅಂಟಿಸಿ ಕಳಿಸಿತು. ಹೊಟ್ಟೆ ಇರಲಿ ಅಂತ ಬರೆದಿದ್ದಕ್ಕೆ ಬಸುರಿಯನ್ನು ಕೊಟ್ಟಿತು. ನಾನೂ ಬಿಡುವವಳಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳುವ ಹಾಗೆ ಒಂದೊಂದನ್ನೇ ಬಿಡಿಸಿ ಬಿಡಿಸಿ ಬರೆದೆ. ಹುಕ್ ಎಲ್ಲಿದೆ ಅಂತ ಕಾಣಬೇಕು, ತೋಳು ಎತ್ತಲು ಆಗಬೇಕು, ಸೀರೆ ಉಟ್ಟ ಮೇಲೂ ಉಸಿರಾಡಬೇಕು. ನಿಧಾನಕ್ಕೆ ಹಾದಿಗೆ ಬಂತು.

ಸರಿಯಾಗಿ ಚಿತ್ರ ಕೊಟ್ಟ ಪ್ರಾಂಪ್ಟನ್ನು ಮತ್ತೆ ಬೇಕಾಗುತ್ತದೆಂದು ಎತ್ತಿಡುತ್ತಿದ್ದೆ. ಎಲ್ಲಿ ಎತ್ತಿಡುತ್ತಿದ್ದೆ ಅನ್ನುವುದೇ ತೊಂದರೆ. ಕೆಲವು ಬಿಲ್ ಬುಕ್ಕಿನ ಹಿಂದೆ, ಕೆಲವು ಫೋನಿನಲ್ಲಿ, ಕೆಲವು ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಂಡದ್ದು. ಹೀಗೆ ನನಗೆ ಕಳಿಸಿಕೊಳ್ಳುವ ಭರದಲ್ಲಿ ಒಂದನ್ನು ಜೀವನ್ ಬಿಮಾ ನಗರದ ಗಿರಾಕಿಯೊಬ್ಬರಿಗೆ ಕಳಿಸಿಬಿಟ್ಟೆ. ಆ ಪ್ರಾಂಪ್ಟ್ ಅವರದ್ದೇ ಬ್ಲೌಸಿಗೆ ಬರೆದದ್ದು. “ವಯಸ್ಸು ಅರವತ್ತು. ತೋಳು ದಪ್ಪ, ಅದು ಕಾಣಬಾರದು. ಬೆನ್ನಿನ ಮೈ ಮಡಿಕೆ ಬೀಳುತ್ತೆ, ಅದೂ ಕಾಣಬಾರದು. ನೋಡಿದರೆ ಗತ್ತು ಇರಬೇಕು.” ಅಳಿಸುವ ಮೊದಲೇ, ಓದಿದರು ಅನ್ನುವ ನೀಲಿ ಗೆರೆ ಬಿತ್ತು. ಅವರು ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅಂಗಡಿ ಮುಚ್ಚಿ ಓಡಿಹೋಗೋಣ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ಅರವತ್ತಕ್ಕೆ ಇನ್ನೂ ಟೈಮ್ ಇದೆ. ಉಳಿದಿದ್ದೆಲ್ಲ ಸರಿಯಾಗಿದೆ. ಗತ್ತು ಮರೀಬೇಡಿ.”

ಇನ್ನು ಇದನ್ನೆಲ್ಲ ಒಂದು ಕಡೆ ಜೋಡಿಸದಿದ್ದರೆ ಮರ್ಯಾದೆ ಉಳಿಯುವುದಿಲ್ಲ ಅಂತ ಗೊತ್ತಾಯಿತು. ಅಂಗಡಿಗೆ ರಜೆ ಇದ್ದ ದಿನ ಟ್ಯಾಬ್ಲೆಟ್ ಹಿಡಿದು ಕೂತೆ. ಹೇಗೆ ಜೋಡಿಸಬೇಕೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನಾವು ಟೈಲರುಗಳು ಒಮ್ಮೆ ಚೆನ್ನಾಗಿ ಬಂದ ಆಕಾರವನ್ನು ಕಂದು ಕಾಗದದ ಮೇಲೆ ಕತ್ತರಿಸಿಟ್ಟುಕೊಳ್ಳುತ್ತೇವೆ, ಮತ್ತೆ ಮತ್ತೆ ಅದನ್ನೇ ಬಟ್ಟೆಯ ಮೇಲಿಟ್ಟು ಗೆರೆ ಎಳೆಯುತ್ತೇವೆ. ನನ್ನ ಅಂಗಡಿಯ ಬಾಗಿಲ ಹಿಂದೆ ಅಂಥ ಪೇಪರ್ ಕಟಿಂಗುಗಳನ್ನು ಮೊಳೆಗಳಿಗೆ ಚುಚ್ಚಿ ನೇತುಹಾಕಿದ್ದೇನೆ. ಕತ್ತಿನವು ಒಂದು ಮೊಳೆಗೆ, ತೋಳಿನವು ಇನ್ನೊಂದಕ್ಕೆ, ಬೆನ್ನಿನವು ಮತ್ತೊಂದಕ್ಕೆ. ಪ್ರಾಂಪ್ಟುಗಳನ್ನೂ ಹಾಗೇ ಹಂಚಿದೆ. ಕತ್ತು, ತೋಳು, ಬೆನ್ನು ಅಂತ ಮೂರು ಫೋಲ್ಡರ್. ಜೊತೆಗೆ ‘ಮಾತು ಕೇಳದವು’ ಅಂತ ಇನ್ನೊಂದು, ಎಷ್ಟು ತಿದ್ದಿದರೂ ಎಐ ತನ್ನದೇ ಹಟ ಸಾಧಿಸಿದವುಗಳಿಗೆ. ಪ್ರತಿ ಪ್ರಾಂಪ್ಟಿನಲ್ಲೂ ಬಣ್ಣ, ವಯಸ್ಸು, ಸೀರೆಯ ಹೆಸರು ತೆಗೆದು ಅಲ್ಲಿ ಖಾಲಿ ಜಾಗ ಬಿಟ್ಟೆ. ಹೊಸ ಗಿರಾಕಿ ಬಂದಾಗ ತುಂಬಿಸಿಕೊಂಡರಾಯಿತು. ಪ್ರತಿಯೊಂದರ ಕೆಳಗೂ ಅದು ಕೊಟ್ಟ ಒಳ್ಳೆಯ ಚಿತ್ರವೊಂದನ್ನು ಅಂಟಿಸಿದೆ. ಸಂಜೆಯ ಹೊತ್ತಿಗೆ ಎಲ್ಲ ಸಾಲಾಗಿ ನಿಂತವು. ಆ ವಾರ ನನ್ನಷ್ಟು ಜಂಬದ ಹೆಂಗಸು ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಎಲ್ಲೂ ಇರಲಿಲ್ಲ.

ಆ ಜಂಬದಲ್ಲೇ ಇರುವಾಗ ನನ್ನ ಹಳೆಯ ಗಿರಾಕಿಯೊಬ್ಬರು ಮೆಟ್ಟಿಲು ಹತ್ತಿ ಬಂದರು. ಶಾಲೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವರು. ಮೊದಲು ಪ್ರತಿ ಹಬ್ಬಕ್ಕೂ ಬರುತ್ತಿದ್ದರು. ಬಂದರೆ ಅಂಗಡಿಯಲ್ಲಿ ನಗು, ಗಲಾಟೆ. ವರ್ಷಕ್ಕಿಂತ ಹೆಚ್ಚು ಕಾಲ ಕಾಣಿಸದಿದ್ದಾಗ ಬೇರೆ ಟೈಲರ್ ಹಿಡಿದರೇನೋ ಅಂತ ಒಳಗೊಳಗೇ ಮುನಿಸಿಕೊಂಡಿದ್ದೆ. ಈಗ ಕೂದಲು ಗಿಡ್ಡ ಮಾಡಿಸಿಕೊಂಡಿದ್ದರು, ಸ್ವಲ್ಪ ಇಳಿದಿದ್ದರು, ಮೈತುಂಬ ದುಪ್ಪಟ್ಟ ಹೊದ್ದಿದ್ದರು.

“ಏನ್ರೀ ಇದು, ಹೊಸ ಸ್ಟೈಲು?” ಅಂದೆ.

“ಮಗಳ ಮದುವೆ ಕಣ್ರೀ. ಸ್ಟೈಲ್ ಮಾಡ್ಬೇಡ್ವಾ?” ಅಂದರು.

ನಾನು ಟ್ಯಾಬ್ಲೆಟ್ ಕೈಗೆ ಕೊಟ್ಟೆ. ಅವರು ಕತ್ತು, ತೋಳು, ಬೆನ್ನು ಎಲ್ಲವನ್ನೂ ನೋಡುತ್ತ ಎಐ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಆಡಿಕೊಂಡರು. ಇವಳು ಊಟ ಮಾಡಿ ಎಷ್ಟು ದಿನ ಆಯ್ತು, ಇವಳ ಕತ್ತು ನೋಡಿ ಜಿರಾಫೆ ಇದ್ದ ಹಾಗಿದೆ. ಕಡೆಗೆ ಕತ್ತಿನ ಸುತ್ತ ಬಳ್ಳಿ ಕಸೂತಿ ಇದ್ದ ಒಂದನ್ನು ಆರಿಸಿ, ರೇಷ್ಮೆ ಸೀರೆಯನ್ನೂ ಚೀಲದಿಂದ ಒಂದು ಹಳೆ ಬ್ಲೌಸನ್ನೂ ತೆಗೆದುಕೊಟ್ಟರು.

ಹಳೆ ಬ್ಲೌಸ್ ಅಂದರೆ ಅಳತೆ ಬ್ಲೌಸ್. ಮೈಗೆ ಸರಿಯಾಗಿ ಕೂತ ಒಂದನ್ನು ಟೈಲರಿಗೆ ಕೊಟ್ಟು, ಇದೇ ಅಳತೆಗೆ ಹೊಲಿಯಿರಿ ಅನ್ನುವುದು ನಮ್ಮಲ್ಲಿ ವಾಡಿಕೆ. ಟೇಪು ಹಿಡಿದರೆ ಹೆಂಗಸರು ಉಸಿರು ಬಿಗಿಹಿಡಿಯುತ್ತಾರೆ, ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಅಳತೆ ಬ್ಲೌಸಿಗೆ ಆ ನಾಟಕವಿಲ್ಲ. ಆದ್ದರಿಂದ ನಾನು ಟೇಪಿಗಿಂತ ಅದನ್ನೇ ಹೆಚ್ಚು ನಂಬುವವಳು. ಆದರೂ ಇಳಿದಿದ್ದಾರಲ್ಲ ಅಂತ ಕೇಳಿದೆ.

“ಒಂದ್ಸಲ ಟೇಪ್ ಹಿಡಿಯಲಾ?”

“ಬೇಡ ಬೇಡ. ಅದೇ ಅಳತೆ. ಏನೂ ಬದಲಾಗಿಲ್ಲ.”

ರೇಷ್ಮೆಗೆ ಕತ್ತರಿ ಹಾಕುವ ಮೊದಲು ನಾನು ಒಳಗಿನ ಲೈನಿಂಗ್ ಬಟ್ಟೆಯನ್ನು ಮಾತ್ರ ಕಚ್ಚಾ ಹೊಲಿದು ತೊಡಿಸಿ ನೋಡುತ್ತೇನೆ. ಮುಂದಿನ ವಾರ ಅದನ್ನು ತೊಟ್ಟು ನೋಡಲು ಅವರು ಬಂದು ಪರದೆಯ ಹಿಂದೆ ಹೋದರು. ಬೇಗ ಹೊರಗೆ ಬರಲಿಲ್ಲ. ಕೂಗಿದೆ. ಆಮೇಲೆ ಮೆಲ್ಲಗೆ, “ನೀವೇ ಒಳಗೆ ಬನ್ನಿ,” ಅಂದರು.

ಎಡಗಡೆ ಬ್ಲೌಸ್ ಸರಿಯಾಗಿ ಕೂತಿತ್ತು. ಬಲಗಡೆ ಬಟ್ಟೆ ಗಾಳಿ ಹೋದ ಹಾಗೆ ಸುಕ್ಕಾಗಿ ಒಳಗೆ ಬಿದ್ದಿತ್ತು. ಅಲ್ಲಿ ಎದೆ ಇರಲಿಲ್ಲ.

ಅವರೇ ಮಾತಾಡಿದರು. “ಹಳೇ ಅಳತೆಗೆ ಹೊಲಿಸಿದ್ರೆ ಹಳೇ ಥರ ಕಾಣ್ಬೋದು ಅಂದ್ಕೊಂಡೆ. ಎಂಥ ದಡ್ಡಿ ನೋಡಿ. ಬಟ್ಟೆ ನೋಡಿ ಮೈ ಬೆಳೆಯುತ್ತಾ?” ನಗಲು ಹೋದರು, ನಗು ಬರಲಿಲ್ಲ. ನನಗೆ ಅಳು ಬಂತು. ಅವರ ಎದುರು ಅಳಬಾರದೆಂದು ಮಂಡಿಯೂರಿ ಕೂತು, ಪಿನ್ನು ಕೆಳಗೆ ಬಿತ್ತು ಅಂತ ಸುಳ್ಳು ಹೇಳಿ ನೆಲ ತಡಕಿದೆ.

ಹೊರಗೆ ಬಂದು ಟೀ ತರಿಸಿದೆ. ಟೀ ಕುಡಿಯುತ್ತ ಉಳಿದದ್ದನ್ನು ಹೇಳಿದರು. ಆಪರೇಷನ್ ಆಗಿತ್ತು, ಔಷಧಿ ಮುಗಿದಿತ್ತು, ಈಗ ಡಾಕ್ಟರು ಚೆನ್ನಾಗಿದ್ದೀರಿ ಅನ್ನುತ್ತಾರೆ. ಗಂಡ ಮಗಳಿಗೆ ಬಿಟ್ಟು ನೆಂಟರಿಗೆ ಯಾರಿಗೂ ಗೊತ್ತಿಲ್ಲ. ಒಳಗೆ ಇಟ್ಟುಕೊಳ್ಳಲು ಪ್ಯಾಡ್ ಒಂದಿದೆ, ಸೆಕೆಗೆ ಜಾರುತ್ತದೆ, ಉರಿಯುತ್ತದೆ. ಸೀರೆಯ ಸೆರಗು ಎಡಗಡೆಯನ್ನಾದರೂ ಕಾಯುತ್ತದೆ, ಬಲಗಡೆ ಅರ್ಧ ಬಯಲು. ಧಾರೆ ಎರೆಯುವಾಗ ಬಲಗೈ ಮುಂದೆ ಚಾಚಬೇಕು, ಕೆಳಗೆ ಕ್ಯಾಮೆರಾ ಹಿಡಿದವರು ಸಾಲಾಗಿ ಕೂತಿರುತ್ತಾರೆ.

“ಅದಕ್ಕೇ ಧಾರೆಗೆ ನಮ್ಮ ಅಕ್ಕ ಭಾವನ್ನ ನಿಲ್ಲಿಸೋಣ ಅಂತಿದೀನಿ. ನನಗೆ ನಿತ್ಕೊಳ್ಳೋಕೆ ಸುಸ್ತು ಅಂತ ಹೇಳ್ತೀನಿ. ಬ್ಲೌಸ್ ಚೆನ್ನಾಗಿ ಬಂದ್ರೆ ನೋಡೋಣ ಅಂತ ಒಂದ್ ಆಸೆ ಇತ್ತು, ಅಷ್ಟೆ.”

ಒಬ್ಬಳೇ ಮಗಳು. ಆ ಹುಡುಗಿಯ ಮೊದಲ ಹಾಫ್ ಸೀರೆಯ ಬ್ಲೌಸನ್ನೂ ನಾನೇ ಹೊಲಿದಿದ್ದೆ. ಮಗಳ ಧಾರೆಯನ್ನು ತಾಯಿ ಕೆಳಗೆ ಕುರ್ಚಿಯಲ್ಲಿ ಕೂತು ನೋಡುವುದು, ಅದೂ ಒಂದು ಬ್ಲೌಸಿನ ಕಾರಣಕ್ಕೆ, ನನಗೆ ತಡೆಯಲಾಗಲಿಲ್ಲ.

“ಬ್ಲೌಸ್ ನನ್ನ ಕೆಲ್ಸ. ನೀವು ಅಕ್ಕನಿಗೆ ಏನೂ ಹೇಳ್ಬೇಡಿ, ಸುಮ್ನಿರಿ,” ಅಂದೆ. ದೊಡ್ಡದಾಗಿ ಹೇಳಿದೆನೇ ಹೊರತು ಹೇಗೆ ಅಂತ ಗೊತ್ತಿರಲಿಲ್ಲ.

ಟ್ಯಾಬ್ಲೆಟ್ ತೆಗೆದೆ. ಅಷ್ಟು ಅಚ್ಚುಕಟ್ಟಾಗಿ ಜೋಡಿಸಿದ ಪ್ರಾಂಪ್ಟುಗಳಲ್ಲಿ ಇವರಿಗೆ ಹೊಂದುವುದು ಒಂದೂ ಇರಲಿಲ್ಲ. ಎಲ್ಲದರಲ್ಲೂ ಬಣ್ಣಕ್ಕೆ, ವಯಸ್ಸಿಗೆ ಖಾಲಿ ಜಾಗ ಬಿಟ್ಟಿದ್ದೆ, ಮೈ ಮಾತ್ರ ಎಲ್ಲರದ್ದೂ ಒಂದೇ ಅಂತ ನಾನೇ ತೀರ್ಮಾನಿಸಿದ್ದೆ. ಹೊಸದಾಗಿ ಬರೆಯೋಣ ಅಂತ ಕೂತೆ. ಅವರೂ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

ಬಲಗಡೆ ಎದೆ ಇಲ್ಲ ಅಂತ ಬರೆದೆ. ಈ ವಿಷಯದಲ್ಲಿ ಸಹಾಯ ಮಾಡಲು ಸಾಧ್ಯವಿಲ್ಲ ಅಂತ ಎಐ ಕೈ ಮುಗಿಯಿತು.

“ನಮ್ಮ ನೆಂಟರಿಗೆ ಹೇಳಿದ್ರೂ ಹೀಗೇ. ಆ ಮಾತು ಬಂದ್ರೆ ಎದ್ದು ಹೋಗ್ತಾರೆ,” ಅಂದರು ಅವರು.

ಮೈಯ ಮಾತು ಬೇಡ, ಬಟ್ಟೆಯ ಮಾತಾಡೋಣ ಅಂತ, ಬಲಭಾಗಕ್ಕೆ ಎದೆಯ ಉಬ್ಬು ಕೂರಿಸುವ ಟಕ್ಸ್ ಮಡಿಕೆ ಹಿಡಿಯದೆ ನೇರ ಕತ್ತರಿಸಿದ ಬ್ಲೌಸ್ ಅಂತ ಬರೆದೆ. ಎರಡೂ ಕಡೆ ತುಂಬಿಸಿಕೊಟ್ಟಿತು. ಒಂದು ಕಡೆ ಚಪ್ಪಟೆ ಅಂತ ಒತ್ತಿ ಹೇಳಿದೆ. ಎರಡೂ ಕಡೆ ಚಪ್ಪಟೆ ಮಾಡಿ ಗಂಡಸಿಗೆ ಸೀರೆ ಉಡಿಸಿದ ಹಾಗೆ ಕಳಿಸಿತು. ಮತ್ತೆ ತಿದ್ದಿದಾಗ ಇಡೀ ಹೆಂಗಸನ್ನು ಶಾಲಿನಲ್ಲಿ ಸುತ್ತಿಟ್ಟಿತು. ಅದಕ್ಕೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ‘ಮಾತು ಕೇಳದವು’ ಫೋಲ್ಡರಿಗೆ ಎಸೆದು ಕೈತೊಳೆದುಕೊಳ್ಳೋಣ ಅನ್ನುವಷ್ಟರಲ್ಲಿ ಅವರು, “ತಡೀರಿ, ನಾನ್ ಹೇಳ್ತೀನಿ, ನೀವ್ ಬರೀರಿ,” ಅಂದರು.

ಟೇಬಲ್ಲಿನ ಮೇಲೆ ಕೈ ಕಟ್ಟಿ ಕೂತು, ಯಾರಿಗೋ ದಾರಿ ಹೇಳುವ ಹಾಗೆ ಸಮಾಧಾನವಾಗಿ ಹೇಳುತ್ತ ಹೋದರು.

“ಈ ಹೆಂಗಸಿಗೆ ಕ್ಯಾನ್ಸರ್ ಬಂದಿತ್ತು. ಬಲಗಡೆ ಎದೆ ತೆಗೆದಿದಾರೆ, ಎಡಗಡೆ ಇದೆ. ಈಗ ಹುಷಾರಾಗಿದಾಳೆ. ಮಗಳ ಮದುವೆಗೆ ಬ್ಲೌಸ್ ಹೊಲಿಸ್ತಿದಾಳೆ. ಏನೂ ತುಂಬಿಸ್ಬೇಡ. ಏನೂ ಮುಚ್ಚಿಸ್ಬೇಡ. ಅವಳಿಗೇನೂ ನಾಚಿಕೆ ಇಲ್ಲ...” ಇಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದರು. “ಅಲ್ಲ, ಅದು ಸುಳ್ಳು. ಅಳಿಸಿ. ನಾಚಿಕೆ ಇದೆ, ಆದ್ರೂ ನಿತ್ಕೋತಾಳೆ ಅಂತ ಬರೀರಿ. ಬಟ್ಟೆ ಅವಳಿಗೆ ಹೊಂದ್ಕೋಬೇಕು, ಅವಳು ಬಟ್ಟೆಗಲ್ಲ.”

ಅವರು ಆರಿಸಿದ್ದ ಬಳ್ಳಿ ಕತ್ತಿನ ಪ್ರಾಂಪ್ಟಿನ ಕೆಳಗೆ ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಎರಡು ಸಲ ತಪ್ಪಿ ತಿದ್ದಿದೆ. ಒತ್ತಿದೆ. ಈ ಸಲ ಬಂದದ್ದು ನಮ್ಮ ವಯಸ್ಸಿನ ಹೆಂಗಸು. ಎಡಗಡೆ ಇತ್ತು, ಬಲಗಡೆ ಇರಲಿಲ್ಲ, ಬ್ಲೌಸ್ ಎರಡೂ ಕಡೆ ಸುಕ್ಕಿಲ್ಲದೆ ಕೂತಿತ್ತು. ಕತ್ತಿನ ಬಳ್ಳಿ ಬಲಭುಜದಿಂದ ಇಳಿದು ಆ ಚಪ್ಪಟೆ ಜಾಗದ ತುಂಬ ಹರಡಿತ್ತು. ಬಳ್ಳಿ ಅಲ್ಲಿಗೇ ಇಳಿಯಲಿ ಅಂತ ನಾವು ಹೇಳಿರಲಿಲ್ಲ, ಅದೇ ಇಳಿಸಿತ್ತು. ಅವರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು, ಸಣ್ಣದು ಮಾಡಿ ನೋಡಿದರು. “ಚೆನ್ನಾಗಿದಾಳಲ್ವಾ?” ಅಂದರು. ಚೆನ್ನಾಗಿದ್ದಾರೆ ಅಂದೆ.

ಈಗ ಟೇಪು ಹಿಡಿಯಲು ಬಿಟ್ಟರು. ಬಲತೋಳು ಎತ್ತಿದಾಗ ಕಂಕುಳಿನ ಹತ್ತಿರ ಬಿಗಿಯುತ್ತಿತ್ತು, ಅಲ್ಲಿ ಬಟ್ಟೆ ಸಡಿಲ ಬಿಟ್ಟೆ. ಕಸೂತಿಗೆ ಶಿವಾಜಿನಗರಕ್ಕೆ ಹೋದೆ. ಅಲ್ಲಿ ಗಲ್ಲಿಯೊಂದರಲ್ಲಿ ಮಾಳಿಗೆ ಮನೆಯಲ್ಲಿ ಚೌಕಟ್ಟಿಗೆ ಬಟ್ಟೆ ಬಿಗಿದು ಜರಿ ಕೆಲಸ ಮಾಡುವ ಗೆಳತಿಯೊಬ್ಬಳಿದ್ದಾಳೆ, ನಾನು ಹೊಲಿಯುವ ಮದುವೆ ಬ್ಲೌಸುಗಳೆಲ್ಲ ಅವಳ ಕೈ ದಾಟಿಯೇ ಬರುವುದು. ಅವಳು ಚಿತ್ರ ನೋಡಿ ಏನು ಎತ್ತ ಅಂತ ಕೇಳಲಿಲ್ಲ. “ಈ ಕಡೆ ಫ್ಲ್ಯಾಟ್ ಇದೆ ನೋಡು ಅಕ್ಕಾ, ಇಲ್ಲಿ ಕೆಲಸ ಭಾಳ ಚೆನ್ನಾಗಿ ನಿಲ್ತದೆ. ಹೂವು ಇಲ್ಲೇ ಜಾಸ್ತಿ ಹಾಕ್ತೀನಿ,” ಅಂದಳು. ಎಲೆಗೊಂದು ಹಸಿರು, ಮೊಗ್ಗಿಗೊಂದು ಕೆಂಪು ದಾರವನ್ನು ಅವಳೇ ಆರಿಸಿದಳು.

ಬ್ಲೌಸ್ ತಯಾರಾದ ದಿನ ಅವರು ಕನ್ನಡಿಯ ಮುಂದೆ ನಿಂತು ಕೈ ಮುಂದೆ ಚಾಚಿ, ಧಾರೆ ಎರೆಯುವ ಹಾಗೆ ಗಾಳಿಯಲ್ಲಿ ಚೊಂಬು ಬಗ್ಗಿಸಿ ನೋಡಿದರು. ಮತ್ತೊಮ್ಮೆ ಬಗ್ಗಿಸಿದರು. ಧಾರೆಗೆ ನಿಲ್ಲುತ್ತಾರೋ ಇಲ್ಲವೋ ಅಂತ ಕೇಳುವ ಧೈರ್ಯ ನನಗೂ ಇರಲಿಲ್ಲ, ಅವರೂ ಹೇಳಲಿಲ್ಲ. ಬ್ಲೌಸ್ ಮಡಿಸಿ ಚೀಲಕ್ಕೆ ಹಾಕಿಕೊಂಡ ಮೇಲೆ ಪ್ರಾಂಪ್ಟಿನ ವಿಷಯ ತೆಗೆದೆ. ಅವರ ಮಾತು, ಅವರ ಮೈ. ನನ್ನ ಹತ್ತಿರ ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತ್ತು.

“ಅಳಿಸಿಬಿಡಲಾ?” ಅಂದೆ.

“ಯಾಕೆ ಅಳಿಸ್ತೀರಿ? ಆಸ್ಪತ್ರೇಲಿ ನನ್ನ ಥರದವರು ಬೆಂಚ್ ತುಂಬಾ ಕೂತಿರ್ತಿದ್ರು. ಅವರೆಲ್ಲ ಎಲ್ಲಿ ಬ್ಲೌಸ್ ಹೊಲಿಸ್ತಾರೆ ಹೇಳಿ. ಮದುವೆ ಅನ್ನೋ ಕಡೆ ಖಾಲಿ ಬಿಡಿ. ಬಲಗಡೆ ಅನ್ನೋ ಕಡೇನೂ ಖಾಲಿ ಬಿಡಿ.”

ಹಾಗೇ ಮಾಡಿದೆ. ಯಾವ ಫೋಲ್ಡರಿಗೆ ಹಾಕುವುದು ಅನ್ನುವ ಪ್ರಶ್ನೆ ಬಂತು. ಕತ್ತಿಗೆ ಸೇರಿದ್ದಲ್ಲ, ತೋಳಿಗೂ ಬೆನ್ನಿಗೂ ಸೇರಿದ್ದಲ್ಲ. ಹೊಸದೊಂದು ಮಾಡಿ ‘ವಿಶೇಷ’ ಅಂತ ಹೆಸರಿಡಲೇ ಅಂದೆ.

“ವಿಶೇಷ ಅನ್ನೋಕೆ ಪಾಯಸನಾ? ‘ಒಂದು ಕಡೆ’ ಅಂತ ಹಾಕಿ. ಇರೋದನ್ನ ಹೇಳಿ ಸಾಕು.”

ಮದುವೆ ಹಲಸೂರಿನ ಛತ್ರವೊಂದರಲ್ಲಿ ನಡೆಯಿತು. ಅದು ಮದುವೆಯ ಸೀಸನ್, ನನ್ನ ಮಿಷನ್ನು ನಿಲ್ಲುವಂತಿರಲಿಲ್ಲ, ಹೋಗಲಾಗಲಿಲ್ಲ. ಮುಹೂರ್ತದ ಹೊತ್ತಿಗೆ ಯಾರದೋ ಬ್ಲೌಸಿಗೆ ಹುಕ್ ಹಚ್ಚುತ್ತಿದ್ದೆ, ಮೂರು ಸಲ ತಪ್ಪಾದ ಕಡೆ ಹಚ್ಚಿ ಬಿಚ್ಚಿದೆ. ಅವರ ಕಡೆಯಿಂದ ಅವತ್ತು ಏನೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಕ್ಕನನ್ನೇ ನಿಲ್ಲಿಸಿದರು ಅಂತ ನನ್ನಷ್ಟಕ್ಕೆ ತೀರ್ಮಾನಿಸಿ ಮುಖ ಸಣ್ಣ ಮಾಡಿಕೊಂಡು ಓಡಾಡಿದೆ.

ಒಂದು ವಾರದ ಮೇಲೆ ಫೋಟೋ ಬಂತು. ವೇದಿಕೆಯ ಮೇಲೆ ಮಗಳ ಕೈ, ಅಳಿಯನ ಕೈ, ಕೆಳಗೊಂದು ತಟ್ಟೆ. ಚೊಂಬು ಅವರ ಬಲಗೈಯಲ್ಲಿತ್ತು. ಸೆರಗು ತೆಳ್ಳಗೆ ನೆರಿಗೆ ಹಿಡಿದು ಎಡಭುಜಕ್ಕೆ ಪಿನ್ ಮಾಡಿದ್ದರು, ಬಲಗಡೆ ಬಳ್ಳಿ ಎಲ್ಲರಿಗೂ ಕಾಣುವ ಹಾಗಿತ್ತು. ಶಾಲಿಲ್ಲ, ಪ್ಯಾಡಿಲ್ಲ. ಕಣ್ಣು ಕೆಂಪಗಿತ್ತು, ಅದು ಹೆಣ್ಣು ಒಪ್ಪಿಸುವ ತಾಯಂದಿರಿಗೆಲ್ಲ ಇರುವಷ್ಟೇ ಕೆಂಪು. ಫೋಟೋದ ಹಿಂದೆ ಒಂದು ಧ್ವನಿ ಸಂದೇಶವೂ ಇತ್ತು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು.

“ಆ ಪ್ರಾಂಪ್ಟಿನ ಕೆಳಗೆ ಎಐ ಹೆಂಗಸಿನ ಚಿತ್ರ ಇದೆಯಲ್ಲ, ಅದನ್ನ ತೆಗೀರಿ. ಇದನ್ನ ಹಾಕಿ.”

ಗಿರಾಕಿಗಳ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವಾಗ ಕುತ್ತಿಗೆಯ ಮೇಲೆ ಕತ್ತರಿಸಿ ಬ್ಲೌಸ್ ಮಾತ್ರ ಉಳಿಸಿಕೊಳ್ಳುವುದು ನನ್ನ ಪದ್ಧತಿ, ಯಾರ ಮಾನವೂ ಹೋಗಬಾರದು ಅಂತ. ಮುಖ ತೆಗೆದು ಹಾಕುತ್ತೇನೆ ಅಂತ ಅವರಿಗೆ ಬರೆದೆ. ಕೂಡಲೇ ಫೋನೇ ಬಂತು.

“ಮುಖ ಕಟ್ ಮಾಡ್ಬೇಡ್ರೀ. ಆ ಫೋಲ್ಡರ್ ತೆಗೆದು ನೋಡೋಳು ಬ್ಲೌಸ್ ನೋಡಲ್ಲ, ನನ್ನ ಮುಖಾನೇ ನೋಡೋದು.”

ನಾನು ಫೋಟೋವನ್ನು ಬಂದ ಹಾಗೇ ಹಾಕಿದೆ.